ಇಲ್ಲದ ಅಡಿಗೆಮನೆಯಲ್ಲಿ ಚಿಕಿತ್ಸೆ

ಮೇಜಿನ ಮೇಲೆ ಚಾಕೊಲೇಟ್ ಕೇಕು. ಎದುರಿಗೆ ಕುಳಿತ ತರುಣಿಯ ಬಾಯಲ್ಲಿ ನೀರೂರುತ್ತದೆ, ಎದೆ ಡವಡವಗುಟ್ಟುತ್ತದೆ. ಆದರೆ ಕಣ್ಣಿಗೆ ಕಟ್ಟಿದ ಸಾಧನವನ್ನು ತೆಗೆದೊಡನೆ ಕೇಕೂ ಇಲ್ಲ, ಮೇಜೂ ಇಲ್ಲ, ಅಡಿಗೆಮನೆಯೂ ಇಲ್ಲ. ಅವಳು ಕುಳಿತಿರುವುದು ವೈದ್ಯರ ಕೊಠಡಿಯಲ್ಲಿ!

ಇದು ಇಂದ್ರಜಾಲವಲ್ಲ, ಸ್ಪೇನ್ ದೇಶದ ಬಾರ್ಸಿಲೋನಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು ರೂಪಿಸಿದ ಚಿಕಿತ್ಸೆ. ಗಣಕಯಂತ್ರವು ಕಣ್ಣೆದುರು ನಿರ್ಮಿಸುವ ಈ ಮಾಯಾಲೋಕಕ್ಕೆ 'ವರ್ಚುಯಲ್ ರಿಯಾಲಿಟಿ' ಎಂದು ಹೆಸರು.

ಚಿಕಿತ್ಸೆ ಯಾವ ರೋಗಕ್ಕೆ? 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಅವರು 'ಬುಲೀಮಿಯಾ ನರ್ವೋಸಾ' ಎಂಬ ವ್ಯಾಧಿಯನ್ನು ಮೊದಲಿಗೆ ವಿವರಿಸಿದರು. ರೋಗಿಯು ಅಲ್ಪಕಾಲದಲ್ಲಿಯೇ ಹಿಡಿತ ತಪ್ಪಿ ಅತಿಯಾಗಿ ತಿನ್ನುತ್ತಾಳೆ. ಬಳಿಕ ದಪ್ಪಗಾಗುವ ಭಯ, ನಾಚಿಕೆ. ತಿಂದುದನ್ನು ವಾಂತಿ ಮಾಡುತ್ತಾಳೆ, ಇಲ್ಲವೇ ಉಪವಾಸ ಬೀಳುತ್ತಾಳೆ. ಉಪವಾಸದಿಂದ ಹಸಿವು ಕೆರಳಿ ಮತ್ತೆ ಅದೇ ಕಥೆ. ಪದೇ ಪದೇ ವಾಂತಿಯಾದರೆ ರಕ್ತದ ಪೊಟ್ಯಾಸಿಯಂ ಕುಗ್ಗಿ ಹೃದಯದ ಬಡಿತವೇ ಏರುಪೇರಾಗಬಹುದು. ಇದನ್ನರಿಯದ ಮನೆಮಂದಿ 'ಹೊಟ್ಟೆಬಾಕಿ' ಎಂದು ಹಳಿದರೆ, ಆಕೆ ಕದ್ದು ತಿನ್ನಲಾರಂಭಿಸುತ್ತಾಳೆ.

ಗಂಟೆಯ ಸದ್ದಿಗೆ ಜೊಲ್ಲು ಸುರಿಸಿದ ಪಾವ್ಲೋವನ ನಾಯಿಯ ಕಥೆಯನ್ನು ಕೇಳದವರು ವಿರಳ. ಈ ರೋಗಿಗೂ ಅಂತಹ ಗಂಟೆಗಳಿವೆ: ಬೇಕರಿಯ ಪರಿಮಳ, ಒಂಟಿ ಸಂಜೆ, ಬಾಗಿಲು ಮುಚ್ಚಿದ ಮಲಗುವ ಕೋಣೆ. ಗಂಟೆ ಬಾರಿಸಿಯೂ ಅನ್ನ ದೊರೆಯದಿದ್ದರೆ ಜೊಲ್ಲು ಕ್ರಮೇಣ ನಿಲ್ಲುತ್ತದೆ. ಚಿಕಿತ್ಸೆಯ ಮರ್ಮ ಇಷ್ಟೇ.

ಯಾವ ತಿಂಡಿ, ಯಾವ ಸ್ಥಳ ತನ್ನನ್ನು ಹೆಚ್ಚು ಸೆಳೆಯುತ್ತದೆಂದು ರೋಗಿಯೇ ಹೇಳುತ್ತಾಳೆ. ಅಡಿಗೆಮನೆ, ಊಟದ ಮನೆ, ಮಲಗುವ ಕೋಣೆ, ಕಾಫಿಗೃಹ—ಈ ನಾಲ್ಕು ದೃಶ್ಯಗಳಲ್ಲಿ ಕಡಿಮೆ ಸೆಳೆತದ್ದರಿಂದ ಮೊದಲುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಆಸೆ ಉಕ್ಕುತ್ತದೆ, ಆದರೂ ಆಕೆ ತಿನ್ನದೆ ಎದುರಿಗೇ ಇರುತ್ತಾಳೆ. ಉಕ್ಕಿದ ಆಸೆ ತಾನಾಗಿ ಇಳಿಯುತ್ತದೆ. ತಿಂದ ಹೊರತು ಈ ತಳಮಳ ಅಡಗದೆಂದು ನಂಬಿದ್ದವಳಿಗೆ ಇದೊಂದು ಹೊಸ ಅನುಭವ.

ಸ್ಪೇನ್ ಮತ್ತು ಇಟಲಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 64 ರೋಗಿಗಳಿದ್ದರು. ಬುಲೀಮಿಯಾ ಪೀಡಿತರು, ವಾಂತಿಯಿಲ್ಲದೆ ಅತಿಯಾಗಿ ತಿನ್ನುವ ರೋಗಿಗಳು ಇಬ್ಬರೂ ಅದರಲ್ಲಿ ಸೇರಿದ್ದರು. ಆಲೋಚನೆ, ನಡವಳಿಕೆಗಳನ್ನು ತಿದ್ದುವ ರೂಢಿಯ ಚಿಕಿತ್ಸೆ ಅವರಲ್ಲಿ ಸಾಕಷ್ಟು ಫಲಿಸಿರಲಿಲ್ಲ. ಮಾಯಾಲೋಕದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 53 ಮಂದಿ ಅತಿಭಕ್ಷಣೆಯಿಂದ ಮುಕ್ತರಾದರು. ರೂಢಿಯ ಚಿಕಿತ್ಸೆಯನ್ನೇ ಮುಂದುವರಿಸಿದವರಲ್ಲಿ ನೂರಕ್ಕೆ 25 ಮಂದಿ ಮಾತ್ರ.

64 ಜನರ ಪರೀಕ್ಷೆಯೊಂದರಿಂದಲೇ ಎಲ್ಲವೂ ಸಿದ್ಧವಾಯಿತೆನ್ನುವಂತಿಲ್ಲ. ನುರಿತ ವೈದ್ಯರು ಪಕ್ಕದಲ್ಲಿಲ್ಲದೆ ಈ ಯಂತ್ರ ಬರಿಯ ಆಟಿಕೆ. ಆದರೆ ಅದು ತೋರಿಸಿದ ಒಂದು ಸಂಗತಿ ಪ್ರತಿಯೊಂದು ಮನೆಗೂ ಬೇಕಾದದ್ದು: ಇದು ನಾಲಿಗೆಯ ಚಾಪಲ್ಯವಲ್ಲ, ವಾಸಿಯಾಗಬಲ್ಲ ವ್ಯಾಧಿ. ಮಗಳು ಕದ್ದು ತಿನ್ನುತ್ತಿರುವುದನ್ನು ಕಂಡ ತಾಯಿ ಗದರಿಸುವುದರ ಬದಲು ಅವಳ ಪಕ್ಕದಲ್ಲಿ ಕುಳಿತು ಮಾತನಾಡಿಸಿದರೆ, ವೈದ್ಯರ ಬಳಿಗೆ ಹೋಗುವ ದಾರಿ ಅಲ್ಲಿಂದಲೇ ತೆರೆಯುತ್ತದೆ.