ಗೀಝಾಕ್ಕೆ ಮುಂಚೆ ಅಪ್ಪ ಕಟ್ಟಿದ ಮೂರು

ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಇವತ್ತಿಗೂ ನಿಂತಿರುವುದು ಗೀಝಾದ ಮಹಾ ಪಿರಮಿಡ್ ಒಂದೇ. ಅದನ್ನು ಕಟ್ಟಿಸಿದ ಖುಫುವಿನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಅವನ ಅಪ್ಪ ಸ್ನೆಫೆರುವಿನ ಹೆಸರು ಕೇಳಿದವರು ಕಡಿಮೆ. ಮಗನಿಗಿಂತ ಹೆಚ್ಚು ಕಲ್ಲು ಪೇರಿಸಿದವನು ಆ ಅಪ್ಪನೇ. ಪಿರಮಿಡ್ಡಿಗೆ ಇಂದಿನ ರೂಪ ಬಂದದ್ದೂ ಅವನ ಕಾಲದಲ್ಲೇ.

ಅದಕ್ಕೂ ಹಿಂದಿನ ಈಜಿಪ್ಟಿನ ರಾಜರ ಸಮಾಧಿಗಳು ಹಸಿ ಇಟ್ಟಿಗೆಯಲ್ಲಿ ಕಟ್ಟಿದ, ಮೇಲೆ ಚಪ್ಪಟೆಯಾಗಿದ್ದ ಕಟ್ಟಡಗಳು. ಕ್ರಿ.ಪೂ. 2650ರ ಸುಮಾರಿಗೆ ಸಕ್ಕಾರಾದಲ್ಲಿ ರಾಜ ಜೋಸೆರ್‌ಗಾಗಿ ಶುರುವಾದದ್ದೂ ಚಪ್ಪಟೆ ಸಮಾಧಿಯೇ, ಆದರೆ ಕಲ್ಲಿನದು. ಕೆಲಸ ನಡೆಯುತ್ತಿದ್ದಾಗಲೇ ನಕ್ಷೆ ಬದಲಾಯಿತು. ಮೊದಲು ನಾಲ್ಕು ಮೆಟ್ಟಿಲು, ಆಮೇಲೆ ಆರು. ಎತ್ತರ 60 ಮೀಟರ್ ದಾಟಿತು. ಇದರ ಶಿಲ್ಪಿ ಎನ್ನಲಾಗುವ ಇಮ್ಹೋಟೆಪ್‌ನನ್ನು ಮುಂದಿನವರು ದೇವರೆಂದೇ ಪೂಜಿಸಿದರು.

ಮೆಟ್ಟಿಲು ಮಾಯವಾಗಿ ನುಣುಪಾದ ಇಳಿಜಾರು ಬಂದದ್ದು ಸ್ನೆಫೆರುವಿನ ಕಾಲದಲ್ಲಿ. ಮೈದುಮ್‌ನಲ್ಲಿ ಮೆಟ್ಟಿಲುಗಳ ನಡುವಿನ ಜಾಗ ತುಂಬಿಸಿ ಹೊರಗೆ ಸುಣ್ಣದಕಲ್ಲಿನ ಹೊದಿಕೆ ಹಾಕಿದರು. ಆ ಹೊದಿಕೆ ಕುಸಿದು, ಈಗ ಕಲ್ಲುಪುಡಿಯ ದಿಬ್ಬದ ನಡುವೆ ಗೋಪುರವೊಂದು ಉಳಿದಿದೆ.

ನಿಜವಾದ ಪರೀಕ್ಷೆ ಎದುರಾದದ್ದು ದಹಶೂರ್‌ನಲ್ಲಿ. ಅಲ್ಲಿ ಬುಡದಿಂದಲೇ ನುಣುಪು ಪಿರಮಿಡ್ ಕಟ್ಟಲು ಹೊರಟರು, ಅದೂ ಬಲು ಕಡಿದಾಗಿ. ಕೆಳಗಿನ ನೆಲ ಗಟ್ಟಿ ಬಂಡೆಯಾಗಿರಲಿಲ್ಲ. ಭಾರ ಏರಿದಂತೆ ಒಳಗಿನ ಕೋಣೆಗಳಲ್ಲಿ ಬಿರುಕು ಬಿಟ್ಟಿತು. ಬಿರುಕಿಗೆ ಗಾರೆ ಮೆತ್ತಿದರು, ಗೋಡೆಗಳ ನಡುವೆ ದೇವದಾರು ತೊಲೆಗಳನ್ನು ಅಡ್ಡಕ್ಕೆ ಕೊಟ್ಟರು. (ಸ್ನೆಫೆರು 40 ಹಡಗು ದೇವದಾರು ತರಿಸಿದ್ದನ್ನು ಪಲೆರ್ಮೊ ಶಿಲೆ ಎಂಬ ಪ್ರಾಚೀನ ಈಜಿಪ್ಟಿನ ಶಾಸನ ದಾಖಲಿಸಿದೆ.) ಕೊನೆಗೆ ಅರ್ಧ ಎತ್ತರದ ಹತ್ತಿರ ಬಂದಾಗ ಸುಮಾರು 54 ಡಿಗ್ರಿ ಇದ್ದ ಇಳಿಜಾರನ್ನು 43ಕ್ಕೆ ಇಳಿಸಿ, ಭಾರ ತಗ್ಗಿಸಿ ಕೆಲಸ ಮುಗಿಸಿದರು. ಸೊಂಟದಲ್ಲಿ ಬಾಗಿದ ಆ ಪಿರಮಿಡ್ ಇವತ್ತಿಗೂ ಹಾಗೇ ಇದೆ. ಇಷ್ಟು ದೊಡ್ಡ ತಿದ್ದುಪಡಿಯನ್ನು ಇಷ್ಟು ಬಹಿರಂಗವಾಗಿ ತೋರಿಸುವ ರಾಜಸ್ಮಾರಕ ಜಗತ್ತಿನಲ್ಲಿ ಬೇರೆಲ್ಲಿ ಸಿಕ್ಕೀತು?

ಕಲ್ಲು ಕೂರಿಸುವ ರೀತಿಯೂ ಅಲ್ಲೇ ಬದಲಾಯಿತು. ಕೆಳಭಾಗದಲ್ಲಿ ವರಸೆಗಳು ಒಳಕ್ಕೆ ವಾಲಿವೆ, ಮೇಲೆ ಮಟ್ಟಸವಾಗಿವೆ. ಸನಿಹದಲ್ಲೇ ಸ್ನೆಫೆರು ಕಟ್ಟಿಸಿದ ಕೆಂಪು ಪಿರಮಿಡ್ ಮೊದಲಿನಿಂದಲೇ 43 ಡಿಗ್ರಿಯದು, ಮಟ್ಟಸ ವರಸೆಯದು. ಅದು ಬಿರುಕು ಬಿಡದೆ ನಿಂತಿತು.

ಧೈರ್ಯ ಬಂದದ್ದು ಆಮೇಲೆ. ಖುಫುವಿನವರು ಗೀಝಾದ ಗಟ್ಟಿ ಬಂಡೆಯನ್ನು ಆರಿಸಿಕೊಂಡು ಇಳಿಜಾರನ್ನು ಮತ್ತೆ 52 ಡಿಗ್ರಿಯ ಹತ್ತಿರಕ್ಕೆ ಏರಿಸಿದರು. ಎತ್ತರ 146 ಮೀಟರ್, ಅಂದಾಜು 23 ಲಕ್ಷ ಕಲ್ಲು. ಆ ಕೆಲಸದಲ್ಲಿದ್ದ ಮೆರೆರ್ ಎಂಬ ಅಧಿಕಾರಿಯ ದಿನಚರಿಯೇ ಸಿಕ್ಕಿದೆ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್‌ನಲ್ಲಿ ಪಿಯರ್ ತಾಲೆ ಅವರ ತಂಡಕ್ಕೆ ದೊರೆತ ಈ ಪಪೈರಸ್ ಹಾಳೆಗಳಲ್ಲಿ ಶಾಪವೂ ಇಲ್ಲ, ರಹಸ್ಯವೂ ಇಲ್ಲ. ತೂರಾದ ಗಣಿಯಲ್ಲಿ ಬಿಳಿ ಸುಣ್ಣದಕಲ್ಲು ಹೇರಿಕೊಂಡದ್ದು, ದೋಣಿಯಲ್ಲಿ ಗೀಝಾಕ್ಕೆ ಸಾಗಿಸಿದ್ದು, ರಾತ್ರಿ ಎಲ್ಲಿ ತಂಗಿದ್ದು, ಇಷ್ಟೇ.

ಮೆರೆರ್ ಸಾಗಿಸಿದಂಥ ಹೊದಿಕೆಯ ಕಲ್ಲುಗಳಲ್ಲಿ ಬಹುಪಾಲನ್ನು ಮುಂದೆ ಜನ ಕಿತ್ತು ಕೈರೋದ ಕಟ್ಟಡಗಳಿಗೆ ಬಳಸಿಕೊಂಡರು. ದಹಶೂರ್‌ನ ಬಾಗಿದ ಪಿರಮಿಡ್ಡಿನ ಮೈಮೇಲೆ ಮಾತ್ರ ಹಳೆಯ ಹೊದಿಕೆ ಬಹುಮಟ್ಟಿಗೆ ಉಳಿದಿದೆ. 1965ರಿಂದ ಮುಚ್ಚಿದ್ದ ಅದರ ಬಾಗಿಲು 2019ರಲ್ಲಿ ಪ್ರವಾಸಿಗರಿಗೆ ತೆರೆಯಿತು. ಕಿರಿದಾದ ಸುರಂಗದಲ್ಲಿ ಬಗ್ಗಿಕೊಂಡು ಇಳಿದುಹೋದರೆ ಆ ದೇವದಾರು ತೊಲೆಗಳನ್ನು ಈಗಲೂ ನೋಡಬಹುದು.