ನೀರಿನೊಳಗೊಂದು ಗ್ಯಾಸ್



ಕಳೆದ ವಾರ ಕಾರ್ಯಕ್ರಮ ಮುಗಿಸಿ ಏಳುವ ಹೊತ್ತಿಗೆ ಮಣಿನಗರದ ಕೇಳುಗರೊಬ್ಬರು ಫೋನ್ ಮಾಡಿದರು. "ನಮ್ಮ ಸೊಸೈಟಿಯ ಬೋರ್ ನೀರು ಬಕೆಟ್ಟಿಗೆ ಬಿದ್ದ ಕೂಡಲೇ ಸೋಡಾ ಥರ ಗುಳ್ಳೆ ಏಳುತ್ತೆ. ನಲ್ಲಿ ನೀರಿಗೆ ಬೆಂಕಿ ಹತ್ತೋ ವಿಡಿಯೋ ನೋಡಿದೀನಿ. ಕಡ್ಡಿ ಗೀರಿ ನೋಡ್ಲಾ ಮೇಡಂ?" ದಯವಿಟ್ಟು ಬೇಡಿ ಅಂದೆ. ಯಾಕೆ ಬೇಡ ಅನ್ನುವುದು ಎರಡು ನಿಮಿಷದಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಈ ಬರಹ.

ಮೊದಲು ಸಮಾಧಾನದ ಮಾತು. ಬೋರ್ ನೀರಿನ ಗುಳ್ಳೆ ಬಹಳ ಸಲ ಬರೀ ಗಾಳಿ. ಅಂತರ್ಜಲ ಇಳಿದಾಗ, ಪೈಪಿನ ಜಾಯಿಂಟು ಸಡಿಲವಾದಾಗ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಆದರೆ ಕೆಲವು ಕಡೆ ಅದು ಮೀಥೇನ್ ಕೂಡ ಆಗಿರಬಹುದು. ನಮ್ಮ ಅಡುಗೆಮನೆಗೆ ಪೈಪಿನಲ್ಲಿ ಬರುವ ಗ್ಯಾಸು ಬಹುಪಾಲು ಇದೇ. ಅದರ ವಾಸನೆ ಮಾತ್ರ, ಸೋರಿದರೆ ತಿಳಿಯಲಿ ಎಂದು ಬೆರೆಸಿದ್ದು. ನೆಲದಿಂದ ಬರುವ ಮೀಥೇನಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇದು ಹುಟ್ಟುವುದು ಎರಡು ರೀತಿ. ಊರ ಕೆರೆಯ ಕೆಸರಿಗೆ ಕೋಲು ಚುಚ್ಚಿದರೆ ಗುಳ್ಳೆ ಏಳುವುದನ್ನು ನೀವು ನೋಡಿರುತ್ತೀರಿ. ಆಮ್ಲಜನಕವಿಲ್ಲದ ಜಾಗದಲ್ಲಿ ಸೂಕ್ಷ್ಮಜೀವಿಗಳು ಮಾಡುವ ಮೀಥೇನ್ ಅದು. ಗೋಬರ್ ಗ್ಯಾಸಿನ ಗುಂಡಿಯಲ್ಲಿ ನಡೆಯುವುದೂ ಇದೇ. ಎರಡನೆಯದು ಬಹಳ ಆಳದಲ್ಲಿ, ಲಕ್ಷಾಂತರ ವರ್ಷಗಳ ಶಾಖಕ್ಕೆ ಬೆಂದು ಹುಟ್ಟುವಂಥದ್ದು. ನಾವಿರುವ ನೆಲಕ್ಕೆ ಈ ಎರಡನೆಯದು ಹೊಸದಲ್ಲ. 1958ರಲ್ಲಿ ಖಂಭಾತ್ ಹತ್ತಿರದ ಲುಣೇಜದಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ಓಎನ್‌ಜಿಸಿಗೆ ತೈಲ ಸಿಕ್ಕಿತು. ಕಲೋಲ್ ಕಡೆ ಹೋದರೆ ಹೊಲದ ನಡುವೆ ತಲೆ ಆಡಿಸುತ್ತಾ ನಿಂತ ತೈಲದ ಪಂಪುಗಳು ಕಾಣುತ್ತವೆ.

ಆಳದ ಒತ್ತಡದಲ್ಲಿ ನೀರಿನಲ್ಲಿ ಕರಗಿದ್ದ ಗ್ಯಾಸು, ನೀರು ಮೇಲೆ ಬಂದಾಗ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಹೊರಬೀಳುತ್ತದೆ. ಮಾಮೂಲು ಒತ್ತಡದಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದು ಸುಮಾರು 28 ಮಿಲಿಗ್ರಾಂ ಮಾತ್ರ. ಆ ನೀರು ಕುಡಿದರೆ ವಿಷವೇನೂ ಅಲ್ಲ. ಅಪಾಯ ಇರುವುದು ಮುಚ್ಚಿದ ಪಂಪ್ ರೂಮಿನಲ್ಲಿ. ಗಾಳಿಯಲ್ಲಿ ಮೀಥೇನ್ ಶೇಕಡ 5ರಿಂದ 15ರಷ್ಟು ಸೇರಿದಾಗ ಸ್ವಿಚ್ಚಿನ ಒಂದು ಕಿಡಿಯೂ ಸ್ಫೋಟಕ್ಕೆ ಸಾಕು.

ಹಾಗಾದರೆ ಗ್ಯಾಸಿಗಾಗಿ ಕೊರೆಯುವುದರಿಂದ ನಮ್ಮ ನೀರು ಕೆಡುತ್ತದೆಯೇ? ಕೊರೆದ ಬಾವಿಗೆ ಉಕ್ಕಿನ ಕೊಳವೆ ಇಳಿಸಿ, ಸುತ್ತ ಸಿಮೆಂಟು ತುಂಬುತ್ತಾರೆ. ಆ ಸಿಮೆಂಟು ಬಿರುಕು ಬಿಟ್ಟರೆ ಗ್ಯಾಸು ಮೇಲೆ ಹತ್ತಿ ಕುಡಿಯುವ ನೀರಿನ ಪದರ ಸೇರಬಹುದು. ಅಮೆರಿಕದ ಪೆನ್ಸಿಲ್ವೇನಿಯಾದ ಡಿಮೋಕ್‌ನಲ್ಲಿ 2009ರ ಹೊಸವರ್ಷದ ದಿನ ಒಂದು ಮನೆಯ ನೀರಿನ ಬಾವಿ ಸ್ಫೋಟಿಸಿತು. 2011ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಆ ಸೀಮೆಯ ನೀರು ಪರೀಕ್ಷಿಸಿದಾಗ, ಗ್ಯಾಸ್ ಬಾವಿಗಳಿಂದ 1 ಕಿ.ಮೀ. ಒಳಗಿನ ನೀರಿನಲ್ಲಿ ಮೀಥೇನ್ ಸರಾಸರಿ 17 ಪಟ್ಟು ಹೆಚ್ಚಿತ್ತು. ಕೊರೆಯಲು ಬಳಸಿದ ರಾಸಾಯನಿಕ ಮಾತ್ರ ಸಿಗಲಿಲ್ಲ. ದೂರದ ಬಾವಿಗಳಲ್ಲೂ ಸ್ವಲ್ಪ ಮೀಥೇನ್ ಇದ್ದೇ ಇತ್ತು.

ಹೀಗಾಗಿ ಜಗಳ. ಕಂಪನಿ ಹೇಳುತ್ತದೆ, "ಇದು ಮೊದಲೇ ಇತ್ತು." ಊರವರು ಹೇಳುತ್ತಾರೆ, "ನೀವು ಬಂದ ಮೇಲೆ ಬಂತು." ತೀರ್ಪು ಹೇಳುವುದು ಲ್ಯಾಬು. ಇಂಗಾಲದ ಐಸೋಟೋಪು, ಜೊತೆಗಿರುವ ಈಥೇನ್ ನೋಡಿದರೆ ಕೆಸರಿನ ಗ್ಯಾಸೋ ಆಳದ ಗ್ಯಾಸೋ ತಿಳಿಯುತ್ತದೆ. ಆದರೆ ಕೊರೆಯುವ ಮೊದಲು ನೀರು ಹೇಗಿತ್ತು ಎಂಬ ದಾಖಲೆ ಇಲ್ಲದಿದ್ದರೆ ಅರ್ಧ ಉತ್ತರ ಮಾತ್ರ.

ನಮಗೂ ಇದು ದೂರದ ಮಾತಲ್ಲ. 2013ರಲ್ಲಿ ಭರೂಚ್ ಜಿಲ್ಲೆಯ ಜಂಬೂಸರದಲ್ಲಿ ಓಎನ್‌ಜಿಸಿ ಶೇಲ್ ಗ್ಯಾಸಿಗಾಗಿ ಬಾವಿ ಕೊರೆಯಿತು. ನಮ್ಮ ಕಾವೇರಿ ಸಮುದ್ರ ಸೇರುವ ತಂಜಾವೂರು ಸೀಮೆಯಲ್ಲಿ ಮೀಥೇನ್ ಯೋಜನೆಯ ವಿರುದ್ಧ ರೈತರು ಬೀದಿಗಿಳಿದರು. ತಮಿಳುನಾಡು 2020ರಲ್ಲಿ ಆ ಪ್ರದೇಶವನ್ನು ಸಂರಕ್ಷಿತ ಕೃಷಿ ವಲಯ ಮಾಡಿ ಕಾನೂನು ತಂದಿತು.

ನಿಮ್ಮ ಬೋರಿನಲ್ಲಿ ಗುಳ್ಳೆ ಬಂದರೆ ಕಡ್ಡಿ ಗೀರಬೇಡಿ. ಪಂಪ್ ರೂಮಿನ ಕಿಟಕಿ ತೆರೆದಿಡಿ. ಮೊದಲು ಪ್ಲಂಬರಿಗೆ ತೋರಿಸಿ. ಆಮೇಲೂ ಗುಳ್ಳೆ ನಿಲ್ಲದಿದ್ದರೆ ಲ್ಯಾಬಿಗೆ ಕೊಡಿ. ಮಾಮೂಲು ಕುಡಿಯುವ ನೀರಿನ ಪರೀಕ್ಷೆಯಲ್ಲಿ ಮೀಥೇನ್ ನೋಡುವುದಿಲ್ಲ, ಹೆಸರು ಹೇಳಿ ಕೇಳಬೇಕು. ಆ ವರದಿಯನ್ನು ಮನೆಪತ್ರದ ಜೊತೆ ಜೋಪಾನವಾಗಿಡಿ. ನಾಳೆ ಹತ್ತಿರದಲ್ಲಿ ಯಾರಾದರೂ ಕೊರೆಯಲು ಬಂದರೆ, ನಿಮ್ಮ ಕೈಲಿರುವ ಸಾಕ್ಷಿ ಅದೊಂದೇ.

ಫೋನ್ ಮಾಡಿದ ಕೇಳುಗರು ಮೊನ್ನೆ ಮತ್ತೆ ಕರೆದಿದ್ದರು. ಪಂಪ್ ರೂಮಿನ ಬಾಗಿಲಿಗೆ ಜಾಲರಿ ಹಾಕಿಸಿದ್ದಾರಂತೆ, ನೀರು ಲ್ಯಾಬಿಗೆ ಹೋಗಿದೆಯಂತೆ. ಏನು ಬಂತೆಂದು ನಮ್ಮ ಹೊತ್ತಿನಲ್ಲೇ ಹೇಳುತ್ತೇನೆ. ರೇಡಿಯೋ ಹಚ್ಚಿಡಿ, ಕಡ್ಡಿ ಬೇಡ!