ಲೋಣಾರ: ನಮ್ಮದೇ ಕರಿಕಲ್ಲಿನ ಮೇಲೆ ಬಿದ್ದ ಉಲ್ಕೆ



ಈ ಸಲದ ಪ್ರವಾಸಕ್ಕೆ ಲೋಣಾರದ ಹೆಸರು ಸೂಚಿಸಿದಾಗ ಕೆಲವರು, “ಅದು ಹಳೆಯ ಜ್ವಾಲಾಮುಖಿಯ ಬಾಯಿ ಅಲ್ಲವೇ?” ಎಂದು ಕೇಳಿದರು. ವಿದ್ವಾಂಸರಲ್ಲೂ ಬಹುಕಾಲ ಇದೇ ಚರ್ಚೆಯಿತ್ತು. ಆದ್ದರಿಂದ ನಾವು ತಿಳಿದಷ್ಟನ್ನು ಇಲ್ಲಿ ಹೇಳುತ್ತೇವೆ.

ಬುಲ್ಢಾಣಾ ಜಿಲ್ಲೆಯ ಲೋಣಾರ ಕುಳಿಯ ಅಗಲ ಸುಮಾರು 1.8 ಕಿಲೋಮೀಟರ್. ಒಳಗೆ ಉಪ್ಪು ಮತ್ತು ಕ್ಷಾರದ ನೀರಿನ ಕೆರೆ. ವಿಷ್ಣು ಲವಣಾಸುರನನ್ನು ಕೊಂದ ಸ್ಥಳವೆಂದು ಜನರ ನಂಬಿಕೆ. ಊರಿನ ದೈತ್ಯಸೂದನ ದೇವಾಲಯ ಅದರ ನೆನಪು. 1823ರಲ್ಲಿ ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಇದರ ಬಗ್ಗೆ ಬರೆದರು.

ಸೊಲ್ಲಾಪುರ, ಅಕ್ಕಲಕೋಟೆಯಲ್ಲಿ ಬಾವಿ ತೋಡುವಾಗ ಸಿಗುವ ಕರಿಕಲ್ಲೇ ಅಲ್ಲಿಯೂ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಪದರು ಪದರಾಗಿ ತಣ್ಣಗಾಗಿ ಈ ಕಲ್ಲಾಯಿತು. ಸುತ್ತಲೂ ಲಾವಾ ಕಲ್ಲೇ ಇರುವಾಗ ಜ್ವಾಲಾಮುಖಿಯೆಂಬ ಊಹೆ ಸಹಜವೇ ಆಗಿತ್ತು.

ಆದರೆ ಆಕಾರ ನೋಡಿ ತೀರ್ಮಾನಿಸಲಾಗದು, ಪುರಾವೆ ಬೇಕು. ಭಾರತದ ಹಾಗೂ ಅಮೆರಿಕದ ವಿಜ್ಞಾನಿಗಳು ಕೊಳವೆ ಕೊರೆದು ನೋಡಿದರು. ಕೆರೆಯ ಹೂಳಿನ ಕೆಳಗೆ ನುಚ್ಚುನೂರಾದ ಕಲ್ಲು ಸಿಕ್ಕಿತು. ಅದರಲ್ಲಿನ ಫೆಲ್ಡ್‌ಸ್ಪಾರ್ ಖನಿಜ, ಕರಗದೆಯೇ, ಹೊರ ಆಕಾರ ಬಿಡದೆಯೇ ಗಾಜಾಗಿತ್ತು. ಇದಕ್ಕೆ ಮಾಸ್ಕೆಲಿನೈಟ್ ಎಂದು ಹೆಸರು. ಇದಾಗಲು ವಾತಾವರಣದ 2 ಲಕ್ಷ ಪಟ್ಟಿಗೂ ಮೀರಿದ ಒತ್ತಡ ಒಂದೇ ಕ್ಷಣದಲ್ಲಿ ಬೀಳಬೇಕು. ಜ್ವಾಲಾಮುಖಿಗೆ ಅಷ್ಟು ಶಕ್ತಿಯಿಲ್ಲ. 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಪುರಾವೆ ಪ್ರಕಟವಾಯಿತು. ಅಂಚಿನ ಪದರುಗಳು ಹೊರಮುಖವಾಗಿ ಬಾಗಿರುವುದೂ ಇದಕ್ಕೆ ಹೊಂದುತ್ತದೆ.

ವಯಸ್ಸಿನ ಲೆಕ್ಕ ಮಾತ್ರ ಇನ್ನೂ ತಾಳೆಯಾಗಿಲ್ಲ. ಕಾದ ಕಲ್ಲಿನಲ್ಲಿ ಆಮೇಲೆ ಕೂಡಿಟ್ಟ ವಿಕಿರಣ ಶಕ್ತಿಯನ್ನು ಅಳೆದ ವಿಧಾನ ಸುಮಾರು 52,000 ವರ್ಷ ಎಂದಿತು. ಆರ್ಗಾನ್ ಅನಿಲದ ವಿಧಾನ 2011ರಲ್ಲಿ ಸುಮಾರು 5,70,000 ವರ್ಷ ಎಂದಿತು. ಮೊದಲನೆಯದರಲ್ಲಿ ಶಕ್ತಿಯ ಕಣಜ ತುಂಬಿಬಿಟ್ಟರೆ ವಯಸ್ಸು ಕಡಿಮೆ ಕಾಣುತ್ತದೆ. ಎರಡನೆಯದರಲ್ಲಿ ಹಳೆಯ ಕಲ್ಲಿನ ಅನಿಲ ಪೂರ್ತಿ ಹೊರಹೋಗದಿದ್ದರೆ ಹೆಚ್ಚು ಕಾಣುತ್ತದೆ.

ಇಂಥ ಕರಿಕಲ್ಲಿನ ಮೇಲಿನ ಉಲ್ಕಾ ಕುಳಿ ಭೂಮಿಯ ಮೇಲೆ ಅಪರೂಪ. ಚಂದ್ರ, ಮಂಗಳದ ಮೇಲೂ ಇಂಥ ಕಲ್ಲಿರುವುದರಿಂದ ಅಲ್ಲಿಯ ಕುಳಿಗಳನ್ನು ಅರಿಯಲು ಲೋಣಾರ ಮಾದರಿಯಾಗಿದೆ. 2020ರ ಜೂನ್‌ನಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಉಪ್ಪು ನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳೇ ಕಾರಣವೆಂದು ಪುಣೆಯ ಅಗರ್ಕರ್ ಸಂಸ್ಥೆ ತಿಳಿಸಿತು. ಅದೇ ವರ್ಷ ಕೆರೆ ರಾಮ್‌ಸರ್ ಪಟ್ಟಿಗೆ ಸೇರಿತು. ಹೊರಗಿನ ಕೊಳಚೆ ನೀರು, ಸಾಬೂನು ಸೇರಿದರೆ ಆ ಉಪ್ಪಿನ ಹದವೇ ಕೆಡುತ್ತದೆ.

ಆದ್ದರಿಂದ ಬರುವವರಲ್ಲಿ ನಮ್ಮ ವಿನಂತಿ: ನೆನಪಿಗೆಂದು ಕಲ್ಲು ಎತ್ತಿಕೊಳ್ಳಬೇಡಿ, ಕೆರೆಯಲ್ಲಿ ಸ್ನಾನ ಮಾಡಬೇಡಿ, ಪ್ಲಾಸ್ಟಿಕ್ ಮರಳಿ ತನ್ನಿ. ಒಂದು ಗಾಜಿನ ಹರಳೂ ಅಲ್ಲಿ ಸಾಕ್ಷಿಯೇ. ವಯಸ್ಸಿನ ವಾದ ತೀರುವುದು ಅಂಥ ಕಲ್ಲುಗಳು ಅಲ್ಲೇ ಉಳಿದರೆ ಮಾತ್ರ.

– ಕಾರ್ಯದರ್ಶಿ, ವಿಜಾಪುರ ರಸ್ತೆ, ಸೊಲ್ಲಾಪುರ